ಹಾಳೆ ತುಂಬ ‘ಚಲೋ ಐತ್ರಿ’: ಸಮೀಕ್ಷೆಯ ಉತ್ತರ ನಂಬಬಹುದೇ?

ಪ್ರಶ್ನೆ: ಬಾಗಲಕೋಟೆ ಜಿಲ್ಲೆಯ ಒಂದು ಪುರಸಭೆಯಲ್ಲಿ ನೌಕರರ ವೃತ್ತಿ ತೃಪ್ತಿ ಕುರಿತು ಎಂ.ಎ. ಪ್ರಬಂಧಕ್ಕಾಗಿ ಸಮೀಕ್ಷೆ ಮಾಡಿದ್ದೇನೆ. ಚಹಾ ಕುಡಿಯುವಾಗ ಎಲ್ಲರಿಗೂ ತಕರಾರು, ಹಾಳೆಯಲ್ಲಿ ಮಾತ್ರ ಎಲ್ಲ ಚಲೋ. ಯಾವುದನ್ನು ನಂಬಲಿ?

ಉತ್ತರ: ಮೊದಲು ಅಂಕಗಳನ್ನು ಮತ್ತೊಮ್ಮೆ ಕೂಡಿ. ನೀವು ಬಳಸಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಸ್ಪೆಕ್ಟರ್ 1985ರಲ್ಲಿ ಪ್ರಕಟಿಸಿದ ವೃತ್ತಿ ತೃಪ್ತಿಯ ಪ್ರಶ್ನಾವಳಿಯಾದರೆ, ಅದರ 36 ಹೇಳಿಕೆಗಳಲ್ಲಿ 19 ಉಲ್ಟಾ ಇವೆ, ಅಂದರೆ ಒಪ್ಪಿದಷ್ಟೂ ಅತೃಪ್ತಿ. ಪ್ರತಿ ಹೇಳಿಕೆಗೆ 1ರಿಂದ (ಒಪ್ಪಿಗೆಯೇ ಇಲ್ಲ) 6ರವರೆಗೆ (ಪೂರ್ತಿ ಒಪ್ಪಿಗೆ) ಅಂಕ; ಉಲ್ಟಾ ಹೇಳಿಕೆಗಳ ಅಂಕವನ್ನು 7ರಿಂದ ಕಳೆಯಬೇಕು. 5 ಇದ್ದರೆ 2. ಓದದೆ ಎಲ್ಲದಕ್ಕೂ 6 ಎಂದು ಗುರುತು ಹಾಕಿದವರಿಗೆ ಸರಿಯಾಗಿ ಬರುವುದು 121, ಅಂದರೆ ಅತ್ತಲೂ ಅಲ್ಲ ಇತ್ತಲೂ ಅಲ್ಲ (108ರಿಂದ 144 ಆ ನಡುವಿನ ಪಟ್ಟಿ). ಕಳೆಯುವುದನ್ನು ಮರೆತರೆ ಅದೇ ಹಾಳೆಗೆ 216 ಬಂದು, ನೌಕರ ಪರಮಸುಖಿ ಆಗಿಬಿಡುತ್ತಾನೆ! ಇಂಥ ಹಾಳೆಗಳನ್ನು ಬದಿಗಿಡಿ.

ಲೆಕ್ಕ ಸರಿಯಿದ್ದರೆ, ಹಾಳೆ ಹಂಚಿದವರು ಯಾರು, ವಾಪಸ್ ಪಡೆದವರು ಯಾರು ಎಂದು ನೋಡಿ. ಕಚೇರಿಯ ಮೇಲಿನವರ ಕೈಯಿಂದ ಹೋಗಿ ಅವರ ಟೇಬಲಿಗೇ ಮರಳಿದ್ದರೆ ಉತ್ತರ ಗೊತ್ತಿದ್ದದ್ದೇ. ಹೆಸರು ಕೇಳಿಲ್ಲ ಎಂಬ ಸಮಾಧಾನ ಸಾಲದು. ಹುದ್ದೆ, ವಯಸ್ಸು, ಸೇವಾವಧಿ ಮೂರೂ ಕೇಳಿದರೆ, ಒಬ್ಬರೇ ಆರೋಗ್ಯ ನಿರೀಕ್ಷಕರಿರುವ ಪುರಸಭೆಯಲ್ಲಿ ಅದು ಸಹಿ ಹಾಕಿಸಿಕೊಂಡಂತೆಯೇ. ಮತ್ತೊಮ್ಮೆ ಹಾಳೆ ಹಂಚುವಾಗ ಹುದ್ದೆಯ ಕಾಲಂ ತೆಗೆದು ಖಾಯಂ, ನೇರಪಾವತಿ, ಹೊರಗುತ್ತಿಗೆ ಎಂದಷ್ಟೇ ಕೇಳಿ. ಕೀಲಿ ಹಾಕಿದ ಡಬ್ಬಿ ಇಟ್ಟು ನೀವೇ ಒಯ್ಯಿರಿ. ಐದಕ್ಕಿಂತ ಕಡಿಮೆ ಜನರ ಗುಂಪಿನ ಅಂಕ ಪ್ರತ್ಯೇಕವಾಗಿ ಬರೆಯಬೇಡಿ. ಈ ಮೂರು ಬಗೆಯ ನೌಕರರನ್ನು ಕೂಡಿಸಿ ಒಂದೇ ಸರಾಸರಿ ತೆಗೆಯುವುದೂ ತಪ್ಪು. ಖಾಯಂ ಗುಮಾಸ್ತರ ನೆಮ್ಮದಿಯಡಿ ಕಸದ ಗಾಡಿ ಚಾಲಕನ ಕಷ್ಟ ಮುಚ್ಚಿಹೋಗುತ್ತದೆ.

ಓದಲು ಬಾರದ ಪೌರಕಾರ್ಮಿಕರಿಗೆ ಪ್ರಶ್ನೆಗಳನ್ನು ಒಬ್ಬೊಬ್ಬರಿಗೇ ಓದಿಹೇಳಿ. ಹಾಜರಿ ಹಾಕುವವರು ಪಕ್ಕದಲ್ಲಿ ನಿಂತಿರಬಾರದು. ‘ಪಗಾರ ತೃಪ್ತಿಕರವೇ?’ ಎಂದರೆ ‘ಹೂಂರೀ’ ಎಂದು ಮುಗಿಸುತ್ತಾರೆ. ‘ಹೋದ ತಿಂಗಳ ಪಗಾರ ಎಷ್ಟನೇ ತಾರೀಕಿಗೆ ಜಮಾ ಆತು? ಕೈಗವಸು ಕೊನೇ ಸಲ ಕೊಟ್ಟಿದ್ದು ಯಾವಾಗ? ಹಿಂದಿನ ನಾಕು ರವಿವಾರದಾಗ ಎಷ್ಟು ಸಲ ಕೆಲಸಕ್ಕ ಕರೆದ್ರು?’ ಎಂದು ಕೇಳಿ. ತಾರೀಕು ಹೇಳಲು ಯಾರೂ ಅಂಜುವುದಿಲ್ಲ.

ಮಾರ್ಚ್‌ನ ಕರ ವಸೂಲಿ ಗದ್ದಲದಲ್ಲಿ ಮಾತ್ರ ಹೋಗಬೇಡಿ.

ಇನ್ನೊಂದು ಗೊಂದಲ ಪ್ರಬಂಧಗಳಲ್ಲಿ ಪದೇ ಪದೇ ಕಾಣುತ್ತದೆ. ತೃಪ್ತಿ ಒಬ್ಬೊಬ್ಬರದು; ಕಚೇರಿಯ ವಾತಾವರಣ ಅಲ್ಲಿರುವವರೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಕಾಣುವಂಥದ್ದು. ಕಂದಾಯ ಶಾಖೆಯ ಆರು ಜನ ‘ಮೇಲಧಿಕಾರಿ ಮಾತು ಕೇಳುತ್ತಾರೆ’ ಎಂಬುದಕ್ಕೆ 1ರಿಂದ 6ರವರೆಗೆ ಚದುರಿದ ಅಂಕ ಕೊಟ್ಟಿದ್ದರೆ, ಸರಾಸರಿ 3.5 ಎಂದು ಬರೆದು ಅದನ್ನು ವಾತಾವರಣ ಎನ್ನಬೇಡಿ. ಅಲ್ಲಿ ಕೆಲವರ ಮಾತು ನಡೆಯುತ್ತದೆ, ಕೆಲವರದು ನಡೆಯುವುದಿಲ್ಲ. ಬರೆಯಬೇಕಾದದ್ದು ಆ ಅಂತರವನ್ನು.