ಪೀಠ ಒಂದು ಸೆಂಟಿಮೀಟರ್ ಕುಸಿದರೆ ಬಿಂಬ ಒಂದು ಮೀಟರ್ ಸರಿಯುತ್ತದೆ

ಐತಿಹಾಸಿಕ ತೋಟದಲ್ಲಿ ಕನ್ನಡಿ ಕಲಾಕೃತಿ ನಿಲ್ಲಿಸಹೊರಟವರು ಮೊದಲು ಕೇಳುವುದು ಅಳತೆ, ಆಮೇಲೆ ಹೊಳಪು. ಅದರಲ್ಲಿ ಏನು ಕಾಣಬೇಕು ಎಂಬ ಪ್ರಶ್ನೆ ಏಳುವುದು ಕ್ರೇನ್ ಬಂದು ನಿಂತ ಮೇಲೆ. ‘ಆಮೇಲೆ ಸ್ವಲ್ಪ ವಾಲಿಸಿದರಾಯಿತು ಬಿಡಿ’ ಎನ್ನುತ್ತಾರೆ.

ಆ ‘ಸ್ವಲ್ಪ’ ಎಷ್ಟೆಂದು ನೋಡಿ. ಕನ್ನಡಿ ಒಂದು ಡಿಗ್ರಿ ವಾಲಿದರೆ ಪ್ರತಿಫಲಿತ ಕಿರಣ ಎರಡು ಡಿಗ್ರಿ ತಿರುಗುತ್ತದೆ. ಮುಂದಿನಿಂದ ಹಿಂದಕ್ಕೆ ಒಂದು ಮೀಟರ್ ಇರುವ ಪೀಠದ ಹಿಂಬದಿ 1 ಸೆಂ.ಮೀ. ಕುಸಿಯಿತೆನ್ನಿ: ಕನ್ನಡಿ ವಾಲುವುದು 0.57 ಡಿಗ್ರಿ, ನೋಟ ಮೇಲೇರುವುದು 1.15 ಡಿಗ್ರಿ. ಐವತ್ತು ಮೀಟರ್ ಆಚೆಯ ಕಾರಂಜಿಯ ಬಳಿ ಅದು ಪೂರಾ ಒಂದು ಮೀಟರ್. ಕಾರಂಜಿಯ ಬದಲು ಅದರ ಮೇಲಿನ ಆಕಾಶ ಕಾಣತೊಡಗುತ್ತದೆ. ಪೀಠ ಎಡಕ್ಕೋ ಬಲಕ್ಕೋ ಕುಸಿದರೆ ಸಪಾಟು ಕನ್ನಡಿಯ ಬಿಂಬ ಕದಲುವುದಿಲ್ಲ, ಚೌಕಟ್ಟು ಸೊಟ್ಟಗೆ ಕಾಣುತ್ತದೆ ಅಷ್ಟೆ. ಜನ ದೂರುವುದು ಈ ಸೊಟ್ಟನ್ನೇ. ನಿಜವಾದ ಹಾನಿ ಹಿಂದುಮುಂದಿನ ವಾಲಿಕೆಯದು. ಫ್ರಾನ್ಸಿನ ತೋಟ ವಿನ್ಯಾಸಕಾರ ಲೆ ನೋತ್ರ್ ರೂಪಿಸಿದ ವರ್ಸೈಲ್ಸ್ ಅರಮನೆಯಂಥ ತೋಟದಲ್ಲಿ ಎಲ್ಲವೂ ನಿಂತಿರುವುದೇ ನೋಟದ ನೇರ ಗೆರೆಯ ಮೇಲೆ. ಅಲ್ಲಿ ಈ ತಪ್ಪು ಮುಚ್ಚಿಡಲಾಗದು.

ಇಂಥ ನೆಲದಲ್ಲಿ ಅಡಿಪಾಯ ತೋಡಲು ಸಾಮಾನ್ಯವಾಗಿ ಅನುಮತಿ ಸಿಗುವುದಿಲ್ಲ. ಕೆಳಗೆ ಮರದ ಬೇರು, ಹಳೆಯ ಕಾಲುವೆ, ಹೂತ ಗೋಡೆ ಇರಬಹುದು. ಹಾಗಾಗಿ ಭಾರ ಹೇರಿದ ಪೀಠವೇ ಗತಿ, ಅದು ನೆನೆದ ಹುಲ್ಲುಹಾಸಿನಲ್ಲಿ ಇಳಿಯುವುದೂ ಸಹಜ. ಭಾರ ಕಡಿಮೆ ಮಾಡೋಣವೆಂದರೆ ಗಾಳಿ ಬಿಡುವುದಿಲ್ಲ: ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಒತ್ತಡ ಚದರ ಮೀಟರಿಗೆ ಸುಮಾರು 550 ನ್ಯೂಟನ್. 2×3 ಮೀಟರಿನ ಫಲಕಕ್ಕೆ 3,300 ನ್ಯೂಟನ್. ಫಲಕದ ಆಕಾರಕ್ಕೆ ತಕ್ಕಂತೆ ಇದನ್ನು ಗುಣಿಸುವ ಸಂಖ್ಯೆ, ಅಂದರೆ ಆಕಾರದ ಗುಣಾಂಕ, ಇನ್ನೂ ಸೇರಿಲ್ಲ. ಹೀಗಾಗಿ ಭಾರ ಹಂಚುವ ಅಗಲ ತಟ್ಟೆ ಹಾಕಿ, ನಾಲ್ಕು ಮೂಲೆಗೂ ಹೊಂದಿಸಬಹುದಾದ ತಿರುಪು ಕಾಲು ಕೊಡಿ. ಮೊದಲ ದೊಡ್ಡ ಮಳೆಯಾದ ಮೇಲೆ ಮತ್ತೆ ಅಳೆಯಿರಿ. ಗಾಳಿ, ಮಣ್ಣಿನ ಲೆಕ್ಕ ಮಾತ್ರ ಆಯಾ ಸ್ಥಳ ನೋಡಿದ ಎಂಜಿನಿಯರೇ ಮಾಡಬೇಕು, ಇಲ್ಲಿರುವುದು ಅಂದಾಜಿಗೆ.

ವಸ್ತುವಿನ ವಿಷಯ ಸರಳ. ಬೆಳ್ಳಿ ಲೇಪದ ಗಾಜು ಅಂಚಿನಿಂದ ಕಪ್ಪಾಗುತ್ತದೆ. ಅಕ್ರಿಲಿಕ್ ಹಗುರ, ಆದರೆ ತಾಪಮಾನದ 30 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಎರಡು ಮೀಟರ್ ಹಾಳೆ ಸುಮಾರು 4 ಮಿ.ಮೀ. ಹಿಗ್ಗುತ್ತದೆ, ಹಿಗ್ಗಲು ಜಾಗವಿರುವಂತೆ ಬೋಲ್ಟಿನ ತೂತುಗಳು ಉದ್ದುದ್ದ ಇರದಿದ್ದರೆ ಅಲೆಯೇಳುತ್ತದೆ. ನನ್ನ ಆಯ್ಕೆ, ಬೆನ್ನಿಗೆ ಗಟ್ಟಿ ಫಲಕ ಅಂಟಿಸಿದ, ಕನ್ನಡಿ ಹೊಳಪಿನ, ತುಕ್ಕು ಚೆನ್ನಾಗಿ ತಡೆಯುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್.

ನಿಮ್ನ, ಅಂದರೆ ಒಳಕ್ಕೆ ಬಾಗಿದ ಕನ್ನಡಿ ಬೇಕೆನ್ನುವವರಿಗೆ ಒಂದು ಎಚ್ಚರಿಕೆ. ವಕ್ರತಾ ತ್ರಿಜ್ಯದ (ಆ ಬಾಗು ಯಾವ ಗೋಳದ ತುಂಡೋ ಅದರ ತ್ರಿಜ್ಯ) ಅರ್ಧ ದೂರದಲ್ಲಿ ಬಿಸಿಲು ಒಟ್ಟುಗೂಡುತ್ತದೆ. 2013ರಲ್ಲಿ ಲಂಡನ್ನಿನ ಫೆನ್‌ಚರ್ಚ್ ಬೀದಿಯ ಕಟ್ಟಡವೊಂದರ ಬಾಗಿದ ಗಾಜು ಕಾರಿನ ಭಾಗಗಳನ್ನೇ ಕರಗಿಸಿತ್ತು. ತ್ರಿಜ್ಯ 12 ಮೀಟರಾದರೆ 6 ಮೀಟರ್ ಆಚೆ ಒಣ ಬೇಲಿಯೋ ಬೆಂಚೋ ಇದೆಯೇ ನೋಡಿ. ಪ್ರದರ್ಶನ ಇರುವ ಅಷ್ಟೂ ತಿಂಗಳ ಸೂರ್ಯನ ದಾರಿಯನ್ನು ನಕ್ಷೆಯಲ್ಲಿ ಎಳೆಯಿರಿ. ಉದ್ಘಾಟನೆಯ ದಿನದ್ದೊಂದೇ ಸಾಲದು.