ಅಬ್ರಹಾಮನ ಮನೆತನ: ಹುಡುಕಿ ಹೊರಟವರಿಗೆ ಸಿಕ್ಕಿದ್ದೇನು?

ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ 23ನೇ ಅಧ್ಯಾಯದಲ್ಲಿ ಒಂದು ಜಮೀನು ವ್ಯಾಪಾರದ ಕಥೆ ಇದೆ. ಅಬ್ರಹಾಮನ ಹೆಂಡತಿ ಸಾರಳು ತೀರಿಹೋಗಿದ್ದಾಳೆ. ಹೂಳಲು ಜಾಗ ಇಲ್ಲ. ಅಬ್ರಹಾಮ ಪರಸ್ಥಳದವನು. ಹೆಬ್ರೋನಿನ ಹತ್ತಿರ ಮಕ್ಪೇಲ ಎಂಬಲ್ಲಿ ಒಂದು ಗವಿ ಇದೆ, ಅದರ ಒಡೆಯ ಹಿತ್ತಿಯರ ಎಫ್ರೋನ. ದುಡ್ಡು ಯಾಕೆ, ಸುಮ್ನೆ ತಗೊಳ್ಳಿ ಅನ್ನುತ್ತಾನೆ ಎಫ್ರೋನ. ಅಬ್ರಹಾಮ ಒಪ್ಪುವುದಿಲ್ಲ. ಆಗ ಎಫ್ರೋನ ಮೆಲ್ಲಗೆ ಬೆಲೆ ಹೇಳುತ್ತಾನೆ: 400 ಶೆಕೆಲ್ ಬೆಳ್ಳಿ, ನಿಮಗೂ ನನಗೂ ಅದೇನು ಮಹಾ! ಅಬ್ರಹಾಮ ಚೌಕಾಸಿ ಮಾಡದೆ ಊರವರ ಎದುರು ಬೆಳ್ಳಿ ತೂಗಿ ಕೊಡುತ್ತಾನೆ. ಇಡೀ ನಾಡನ್ನೇ ನಿನ್ನ ಸಂತಾನಕ್ಕೆ ಕೊಡುತ್ತೇನೆ ಎಂದು ದೇವರಿಂದ ಮಾತು ಪಡೆದವನು ಬದುಕಿದ್ದಾಗ ಕೊಂಡ ಜಮೀನು ಇದೊಂದೇ.

ಗವಿ ಇದೆ ಎಂದು ನಂಬಲಾದ ಜಾಗದಲ್ಲಿ ಈಗ ದೊಡ್ಡ ಕಲ್ಲಿನ ಕಟ್ಟಡ ಇದೆ. ಹೊರಗೋಡೆ ಹೆರೋದ ರಾಜನ ಕಾಲದ್ದು, ಸುಮಾರು 2000 ವರ್ಷ ಹಳೆಯದು. 13ನೇ ಶತಮಾನದಿಂದ 1967ರವರೆಗೆ ಯಹೂದಿಗಳಿಗೆ ಒಳಗೆ ಪ್ರವೇಶ ಇರಲಿಲ್ಲ. ಹೊರಗಿನ ಏಳನೇ ಮೆಟ್ಟಿಲಿನವರೆಗೆ ಮಾತ್ರ ಹೋಗಬಹುದಿತ್ತು. 1929ರಲ್ಲಿ ಹೆಬ್ರೋನ್ ಊರಿನಲ್ಲಿ 67 ಯಹೂದಿಗಳ ಹತ್ಯೆಯಾಯಿತು. 1967ರ ಯುದ್ಧದಲ್ಲಿ ಊರು ಇಸ್ರೇಲಿನ ಕೈಗೆ ಬಂತು. 1994ರಲ್ಲಿ ಒಬ್ಬ ಯಹೂದಿ ವಲಸಿಗ ಒಳಗೆ ನುಗ್ಗಿ, ನಮಾಜು ಮಾಡುತ್ತಿದ್ದ 29 ಜನರನ್ನು ಗುಂಡಿಟ್ಟು ಕೊಂದ. ಆಮೇಲೆ ಕಟ್ಟಡವನ್ನೇ ಪಾಲು ಮಾಡಿದರು. ಅಬ್ರಹಾಮನ ಮಗ ಇಸಾಕನ ಹೆಸರಿನ ಹಜಾರ ಮುಸ್ಲಿಮರಿಗೆ, ಮೊಮ್ಮಗ ಯಾಕೋಬನ ಕಡೆಯದು ಯಹೂದಿಗಳಿಗೆ. ವರ್ಷಕ್ಕೆ ಹತ್ತು ದಿನ ಇಡೀ ಕಟ್ಟಡ ಇವರಿಗೆ, ಹತ್ತು ದಿನ ಅವರಿಗೆ. 2017ರಲ್ಲಿ ಯುನೆಸ್ಕೊ ಊರಿನ ಹಳೆಯ ಭಾಗವನ್ನು ಪಾರಂಪರಿಕ ತಾಣ ಎಂದಾಗ, ಯಾರ ಪರಂಪರೆ ಎಂದು ಮತ್ತೆ ಜಗಳ. 2020ರಲ್ಲಿ ಇಸ್ರೇಲ್, ಯುಎಇ, ಬಹ್ರೇನ್ ಮಾಡಿಕೊಂಡ ಒಪ್ಪಂದಕ್ಕೆ ಇಟ್ಟ ಹೆಸರೂ ಅಬ್ರಹಾಮನದೇ.

ಜಗಳಕ್ಕೂ ರಾಜಿಗೂ ಬೇಕಾಗುವ ಈ ಮನುಷ್ಯ ಯಾರು? ಯಾವ ಕಾಲದವನು?

ಕಥೆ ಬಹಳ ಜನರಿಗೆ ಗೊತ್ತು. ಕಲ್ದೀಯರ ಊರ್ ಎಂಬ ಪಟ್ಟಣದಿಂದ ತೆರಹನ ಕುಟುಂಬ ಹೊರಟು ಹಾರಾನಿಗೆ ಬರುತ್ತದೆ. ಅಲ್ಲಿಂದ ಮಗ ಅಬ್ರಹಾಮ ಕಾನಾನ್ ನಾಡಿಗೆ, ಅಂದರೆ ಇಂದಿನ ಇಸ್ರೇಲ್, ಪ್ಯಾಲೆಸ್ತೀನ್ ಇರುವ ಕಡೆಗೆ. ದಾಸಿ ಹಾಗರಳಿಂದ ಇಷ್ಮಾಯೇಲ, ಹೆಂಡತಿ ಸಾರಳಿಂದ ಇಸಾಕ. ಇಷ್ಮಾಯೇಲನ ಕಡೆಯಿಂದ ಅರಬ್ಬರ ವಂಶ ಎಣಿಸುವ ವಾಡಿಕೆ ಇದೆ. ಬಕ್ರೀದಿನ ದಿನ ನೆನೆಯುವ ಇಬ್ರಾಹಿಂ ಇವನೇ. ಇಸಾಕನ ಮಕ್ಕಳು ಏಸಾವ, ಯಾಕೋಬ. ಯಾಕೋಬನಿಗೆ ಇಸ್ರಾಯೇಲ ಎಂಬ ಇನ್ನೊಂದು ಹೆಸರು. ಅವನ 12 ಗಂಡುಮಕ್ಕಳೇ 12 ಕುಲಗಳ ಮೂಲಪುರುಷರು. ಬರಗಾಲ ಬಂದು ಎಲ್ಲರೂ ಈಜಿಪ್ಟಿಗೆ ಹೋಗುತ್ತಾರೆ.

ಮೊದಲ ಅನುಮಾನ ನಂಬಿಕೆಯ ಒಳಗಿನಿಂದಲೇ ಬಂತು. 12ನೇ ಶತಮಾನದ ಯಹೂದಿ ಪಂಡಿತ ಇಬ್ನ್ ಎಜ್ರಾ ಆದಿಕಾಂಡದ ಒಂದು ಸಾಲಿನ ಮುಂದೆ ನಿಂತುಬಿಟ್ಟ. ಆಗ ಆ ನಾಡಿನಲ್ಲಿ ಕಾನಾನ್ಯರಿದ್ದರು ಎನ್ನುತ್ತದೆ ಆ ಸಾಲು. ಆದಿಕಾಂಡ ಬರೆದವನು ಮೋಶೆ ಎಂಬುದು ನಂಬಿಕೆ. ಮೋಶೆಯ ಕಾಲದಲ್ಲೂ ಅವರು ಅಲ್ಲೇ ಇದ್ದರಲ್ಲ, ಹಾಗಿದ್ದರೆ ‘ಆಗ’ ಅಂತ ಯಾಕೆ? ಇದರಲ್ಲಿ ಗುಟ್ಟಿದೆ, ಅರ್ಥವಾದವನು ಸುಮ್ಮನಿರಲಿ ಎಂದು ಬರೆದ. 1670ರಲ್ಲಿ ತತ್ವಜ್ಞಾನಿ ಸ್ಪಿನೋಜಾ ಸುಮ್ಮನಿರಲಿಲ್ಲ. ಇದನ್ನು ಮೋಶೆ ಬರೆದಿಲ್ಲ ಎಂದ. 1753ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಆಸ್ಟ್ರುಕ್ ಆದಿಕಾಂಡದೊಳಗೆ ಬೇರೆ ಬೇರೆ ಮೂಲಗಳನ್ನು ಬಿಡಿಸಿ ತೋರಿಸಿದ. 1878ರಲ್ಲಿ ಜರ್ಮನಿಯ ಬೈಬಲ್ ವಿದ್ವಾಂಸ ವೆಲ್‌ಹೌಸೆನ್ ಇದನ್ನೆಲ್ಲ ಒಂದು ಕಡೆಗೆ ತಂದರು. ಈ ಕಥೆಗಳಿಂದ ಅಬ್ರಹಾಮನ ಕಾಲದ ಬಗ್ಗೆ ಏನೂ ಗೊತ್ತಾಗುವುದಿಲ್ಲ, ಬರೆದವರ ಕಾಲದ ಬಗ್ಗೆ ಗೊತ್ತಾಗುತ್ತದೆ ಎಂಬುದು ಅವರ ತೀರ್ಮಾನ.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಅಷ್ಟರಲ್ಲಿ ಗುದ್ದಲಿ ಕೈಗೆ ಬಂತು.

1887ರಲ್ಲಿ ಈಜಿಪ್ಟಿನ ಅಮರ್ನಾದಲ್ಲಿ ಮಣ್ಣಿನ ಹಲಗೆಗಳ ರಾಶಿ ಸಿಕ್ಕಿತು. ಕಾನಾನಿನ ಪುಟ್ಟ ಅರಸರು ಕ್ರಿ.ಪೂ. 14ನೇ ಶತಮಾನದಲ್ಲಿ ಫರೋಹನಿಗೆ ಬರೆದ ಪತ್ರಗಳೂ ಅದರಲ್ಲಿದ್ದವು. ಜೆರುಸಲೇಮಿನ ಅರಸ ಅಬ್ದಿ-ಹೆಬಾನದ್ದು ಒಂದೇ ಗೋಳು: ಹಬಿರುಗಳು ನಾಡನ್ನು ಕಿತ್ತು ತಿನ್ನುತ್ತಿದ್ದಾರೆ, ಬಿಲ್ಲಾಳುಗಳನ್ನು ಕಳಿಸಿ. ಹಬಿರು ಅಂದರೆ ಹೀಬ್ರೂಗಳೇ, ಬೈಬಲ್ಲಿನ ಇಸ್ರಾಯೇಲರೇ ಎಂದು ಹಲವರು ಕುಣಿದಾಡಿದರು. ಮುಂದೆ ಅನಟೋಲಿಯಾದಿಂದ ಈಜಿಪ್ಟಿನವರೆಗೆ ಹತ್ತಾರು ಕಡೆ ಅದೇ ಹೆಸರು ಸಿಕ್ಕಿತು. ಊರು ಬಿಟ್ಟು ಓಡಿಹೋದವರು, ಕೂಲಿ ಸೈನಿಕರು, ದರೋಡೆಕೋರರು, ಎಲ್ಲರಿಗೂ ಅದೇ ಹೆಸರು. ಅದು ಒಂದು ಜನಾಂಗವೇ ಆಗಿರಲಿಲ್ಲ.

1922ರಿಂದ 1934ರವರೆಗೆ ಬ್ರಿಟನ್ನಿನ ಪುರಾತತ್ವ ತಜ್ಞ ಲಿಯೊನಾರ್ಡ್ ವೂಲಿ ದಕ್ಷಿಣ ಇರಾಕಿನಲ್ಲಿ ಊರ್ ಪಟ್ಟಣವನ್ನು ಅಗೆದರು. ರಾಜಸಮಾಧಿಗಳು, ಚಿನ್ನ, ಅಂಗಳವಿರುವ ಸಾಲುಮನೆಗಳು. ಅಬ್ರಹಾಮ ಇಂಥ ಮನೆಯಲ್ಲೇ ಬೆಳೆದಿರಬೇಕು ಎಂಬ ಮಾತು ಹಬ್ಬಲು ಎಷ್ಟು ಹೊತ್ತು? ಇವತ್ತಿಗೂ ಅಲ್ಲಿ ‘ಅಬ್ರಹಾಮನ ಮನೆ’ ಇದೆ, ಹೊಸ ಇಟ್ಟಿಗೆಯಿಂದ ಮತ್ತೆ ಕಟ್ಟಿದ್ದು. 2021ರಲ್ಲಿ ಪೋಪ್ ಫ್ರಾನ್ಸಿಸ್ ಊರ್‌ಗೆ ಹೋಗಿ ಬೇರೆ ಬೇರೆ ಧರ್ಮದವರ ಜೊತೆ ಪ್ರಾರ್ಥನೆ ಮಾಡಿ ಬಂದರು.

ನಿಜವಾದ ಉತ್ಸಾಹ ಹುಟ್ಟಿಸಿದ್ದು ನೂಜಿ ಮತ್ತು ಮಾರಿ. ನೂಜಿ ಇರಾಕಿನ ಕಿರ್ಕುಕ್ ಹತ್ತಿರ. 1925ರಿಂದ 1931ರವರೆಗೆ ಅಲ್ಲಿ ಸಾವಿರಾರು ಹಲಗೆಗಳು ಸಿಕ್ಕವು. ಮದುವೆ ಕರಾರು, ದತ್ತು ಪತ್ರ, ಆಸ್ತಿ ಪಾಲು, ಅಂದರೆ ಒಂದು ಊರಿನ ರಿಜಿಸ್ಟರ್ ಕಚೇರಿಯೇ ಸಿಕ್ಕ ಹಾಗೆ. ಒಂದು ಮದುವೆ ಕರಾರಿನಲ್ಲಿ ಹೀಗಿದೆ: ಹೆಂಡತಿಗೆ ಮಕ್ಕಳಾಗದಿದ್ದರೆ ಆಕೆಯೇ ಗಂಡನಿಗೆ ಒಬ್ಬ ದಾಸಿಯನ್ನು ತಂದುಕೊಡಬೇಕು. ಸಾರಳು ಹಾಗರಳನ್ನು ಅಬ್ರಹಾಮನಿಗೆ ಕೊಟ್ಟದ್ದು ಹೀಗೇ ಅಲ್ವಾ? ಇನ್ನೊಂದು ಪತ್ರದಲ್ಲಿ ಮನೆದೇವರ ಬೊಂಬೆಗಳು ಯಾರಿಗೆ ಸೇರಬೇಕು ಎಂಬ ಷರತ್ತು ಇದೆ. ಯಾಕೋಬನ ಹೆಂಡತಿ ರಾಹೇಲಳು ಅಪ್ಪ ಲಾಬಾನನ ಮನೆದೇವರುಗಳನ್ನು ಕದ್ದು ಒಂಟೆಯ ತಡಿಯೊಳಗೆ ಬಚ್ಚಿಟ್ಟದ್ದು ಆಸ್ತಿಯ ಹಕ್ಕಿಗಾಗಿ ಎಂದು ವಿವರಿಸಿದರು. ಅಬ್ರಹಾಮ ಹೆಂಡತಿಯನ್ನು ತಂಗಿ ಎಂದು ಹೇಳಿಕೊಂಡಿದ್ದಕ್ಕೂ ನೂಜಿಯಲ್ಲೇ ಕಾನೂನು ಹುಡುಕಿದರು.

ಸಿರಿಯಾದ ಮಾರಿಯಲ್ಲಿ 1933ರಿಂದ ಅಗೆತ. ಅರಮನೆಯ ಕಡತಗಳೇ 20,000ಕ್ಕಿಂತ ಜಾಸ್ತಿ. ಕ್ರಿ.ಪೂ. 18ನೇ ಶತಮಾನದವು. ಕುರಿ ಕಾಯುತ್ತ ಊರೂರು ಅಲೆಯುವ ಅಮೋರಿಯ ಕುಲಗಳು, ಯಾಕೋಬನ ಹೆಸರನ್ನು ಹೋಲುವ ಹೆಸರುಗಳು, ಅಬ್ರಹಾಮನ ಸೋದರ ನಾಹೋರನ ಹೆಸರಿನಂಥ ಒಂದು ಊರು, ಎಲ್ಲ ಅದರಲ್ಲಿದ್ದವು.

ಈ ಎಳೆಗಳನ್ನು ಹೆಣೆದವರಲ್ಲಿ ದೊಡ್ಡ ಹೆಸರು ಅಮೆರಿಕದ ಪುರಾತತ್ವ ತಜ್ಞ ವಿಲಿಯಂ ಆಲ್ಬ್ರೈಟ್. ಮಿಷನರಿ ತಂದೆತಾಯಿಗೆ ಚಿಲಿಯಲ್ಲಿ ಹುಟ್ಟಿದವರು, ಪ್ರಾಚೀನ ಭಾಷೆಗಳಲ್ಲಿ ಅವರಿಗೆ ಸಾಟಿ ಕಡಿಮೆ. ಅಬ್ರಹಾಮ ಕ್ರಿ.ಪೂ. 2000ದಿಂದ 1800ರ ನಡುವೆ ಬದುಕಿದ್ದ, ಕತ್ತೆಗಳ ಮೇಲೆ ಸರಕು ಸಾಗಿಸುವ ವರ್ತಕ ಆಗಿದ್ದ ಎಂದು ವಾದಿಸಿದರು. 1950ರ ದಶಕದ ಹೊತ್ತಿಗೆ ಅಮೆರಿಕದ ಪಠ್ಯಪುಸ್ತಕಗಳಲ್ಲಿ ಇದು ಹೆಚ್ಚುಕಡಿಮೆ ಇತಿಹಾಸವೇ ಆಗಿಹೋಯಿತು. ಎರಡು ಮಹಾಯುದ್ಧ ಕಂಡ ತಲೆಮಾರಿಗೆ ಕಾಲ ಕೆಳಗೆ ಗಟ್ಟಿ ನೆಲ ಬೇಕಿತ್ತೇನೋ. ಹೊಸದಾಗಿ ಹುಟ್ಟಿದ ಇಸ್ರೇಲ್ ದೇಶಕ್ಕೂ ಬೇಕಿತ್ತು.

ಈ ಹೆಣಿಗೆ ಬಿಚ್ಚಿದ್ದು ಎರಡು ವರ್ಷಗಳಲ್ಲಿ. 1974ರಲ್ಲಿ ಥಾಮಸ್ ಥಾಂಪ್ಸನ್, 1975ರಲ್ಲಿ ಜಾನ್ ವ್ಯಾನ್ ಸೀಟರ್ಸ್ ಎಂಬ ಬೈಬಲ್ ಸಂಶೋಧಕರು ಒಬ್ಬರ ಹಿಂದೆ ಒಬ್ಬರು ಒಂದೊಂದೇ ಎಳೆ ಹಿಡಿದು ಎಳೆದರು. ನೂಜಿಯ ಹಲಗೆಗಳು ಕ್ರಿ.ಪೂ. 15, 14ನೇ ಶತಮಾನದವು, ಆಲ್ಬ್ರೈಟರ ಅಬ್ರಹಾಮನಿಗಿಂತ ನಾನೂರು ವರ್ಷ ಈಚಿನವು. ದಾಸಿ ತಂದುಕೊಡುವ ಕರಾರು ಕ್ರಿ.ಪೂ. 7ನೇ ಶತಮಾನದ ಅಸ್ಸೀರಿಯಾದಲ್ಲೂ ಇತ್ತು. ಸಾವಿರ ವರ್ಷ ನಡೆದುಬಂದ ರೂಢಿಯನ್ನು ಹಿಡಿದು ಕಾಲ ಹೇಳುವುದು ಹೇಗೆ? ‘ಹೆಂಡತಿ-ತಂಗಿ’ ಕಾನೂನಂತೂ ಪತ್ರಗಳನ್ನು ತಪ್ಪಾಗಿ ಓದಿದ್ದರಿಂದ ಹುಟ್ಟಿದ್ದು. ಹೆಸರುಗಳೂ ಎಲ್ಲ ಕಾಲದಲ್ಲೂ ಇದ್ದವು. ಥಾಂಪ್ಸನ್ ಅವರ ಈ ಕೆಲಸಕ್ಕೆ ಜರ್ಮನಿಯಲ್ಲಿ ಡಾಕ್ಟರೇಟ್ ಸಿಗಲಿಲ್ಲ. ಅಮೆರಿಕಕ್ಕೆ ಮರಳಿ ಬೇರೆ ವಿಶ್ವವಿದ್ಯಾಲಯದಲ್ಲಿ ಪಡೆದರು. ಪಾಠ ಹೇಳುವ ಕೆಲಸ ಸಿಗದೆ ಎಷ್ಟೋ ವರ್ಷ ಮನೆಗಳಿಗೆ ಬಣ್ಣ ಬಳಿದರು. ಇವತ್ತು ಅವರ ಮುಖ್ಯ ವಾದವನ್ನು ಹೆಚ್ಚಿನ ಸಂಶೋಧಕರು ಒಪ್ಪುತ್ತಾರೆ.

ಇಷ್ಟಕ್ಕೂ ಸುಳಿವು ಪುಸ್ತಕದ ಒಳಗೇ ಇತ್ತು. ಕಲ್ದೀಯರು ದಕ್ಷಿಣ ಇರಾಕಿನಲ್ಲಿ ಕಾಣಿಸಿಕೊಳ್ಳುವುದು ಕ್ರಿ.ಪೂ. 9ನೇ ಶತಮಾನದಲ್ಲಿ. ಇಸಾಕನಿಗೆ ಗೆರಾರಿನಲ್ಲಿ ಎದುರಾಗುವ ಅಬೀಮೆಲೆಕ ಫಿಲಿಷ್ಟಿಯರ ಅರಸ. ಫಿಲಿಷ್ಟಿಯರು ಕಾನಾನಿನ ಕರಾವಳಿಗೆ ಬಂದದ್ದೇ ಕ್ರಿ.ಪೂ. 12ನೇ ಶತಮಾನದಲ್ಲಿ. ಇಸ್ರಾಯೇಲರನ್ನು ಯಾವ ಅರಸನೂ ಆಳುವುದಕ್ಕೆ ಮುಂಚೆ ನೆರೆಯ ಎದೋಮ್ ನಾಡನ್ನು ಆಳಿದವರ ಪಟ್ಟಿ ಆದಿಕಾಂಡದ 36ನೇ ಅಧ್ಯಾಯದಲ್ಲಿದೆ. ಬರೆದವನಿಗೆ ಇಸ್ರಾಯೇಲಿನ ಅರಸರು ಗೊತ್ತಿದ್ದರು ಎಂದಾಯಿತು. ಕಥೆಯ ತುಂಬ ಓಡಾಡುವ ಒಂಟೆಗಳ ಮೂಳೆಗಳನ್ನು ಟೆಲ್ ಅವೀವ್ ವಿಶ್ವವಿದ್ಯಾಲಯದವರು 2013ರಲ್ಲಿ ಅರಾವಾ ಕಣಿವೆಯ ತಾಮ್ರದ ಗಣಿಗಳಲ್ಲಿ ಲೆಕ್ಕ ಹಾಕಿದರು. ಸಾಕಿದ ಒಂಟೆ ಅಲ್ಲಿಗೆ ಬಂದದ್ದು ಕ್ರಿ.ಪೂ. 10ನೇ ಶತಮಾನದ ಕೊನೆಯ ಭಾಗದಲ್ಲಿ. ಒಂಟೆಯ ತೊಡಕು ಆಲ್ಬ್ರೈಟ್ ಅವರಿಗೂ ಗೊತ್ತಿತ್ತು. ಅಬ್ರಹಾಮನನ್ನು ಕತ್ತೆ ಮೇಲೆ ಹತ್ತಿಸಿದ್ದು ಅದಕ್ಕೇ.

ಸರಿ, ಅಬ್ರಹಾಮ ಸಿಗಲಿಲ್ಲ. ಆದರೆ ಜನ ಇದ್ದರಲ್ಲ. ಅವರು ಎಲ್ಲಿಂದ ಬಂದರು?

ಫರೋಹ ಮೆರ್ನೆಪ್ತಾ ಕ್ರಿ.ಪೂ. 1208ರ ಸುಮಾರಿಗೆ ಕೆತ್ತಿಸಿದ ಒಂದು ಕಲ್ಲು 1896ರಲ್ಲಿ ಥೀಬ್ಸ್‌ನಲ್ಲಿ ಸಿಕ್ಕಿತು. ತಾನು ಸೋಲಿಸಿದವರ ಪಟ್ಟಿಯಲ್ಲಿ ಇಸ್ರಾಯೇಲನ್ನು ಸೇರಿಸಿ, ಅದರ ಬೀಜವೇ ಉಳಿದಿಲ್ಲ ಎಂದು ಕೊಚ್ಚಿಕೊಂಡಿದ್ದಾನೆ. ಬೈಬಲ್ಲಿನ ಹೊರಗೆ ಆ ಹೆಸರು ಖಚಿತವಾಗಿ ಕಾಣುವುದು ಇಲ್ಲೇ ಮೊದಲು. ಪಕ್ಕದಲ್ಲಿ ಬಿಡಿಸಿದ ಗುರುತು ನಾಡಿನದ್ದಲ್ಲ, ಜನರ ಗುಂಪಿನದ್ದು.

1967ರ ನಂತರ ಇಸ್ರೇಲಿನ ಪುರಾತತ್ವ ತಜ್ಞರು ಪಶ್ಚಿಮ ದಂಡೆಯ ಗುಡ್ಡಗಳನ್ನು ಕಾಲ್ನಡಿಗೆಯಲ್ಲಿ ಜಾಲಾಡಿದರು. (ಗುಡ್ಡ ಯಾರ ಕೈಯಲ್ಲಿದೆ ಎಂಬುದರ ಮೇಲೆ ಅಲ್ಲಿ ಏನು ಹುಡುಕುತ್ತಾರೆ ಎಂಬುದೂ ನಿಲ್ಲುತ್ತದೆ.) ಇಸ್ರಾಯೆಲ್ ಫಿಂಕೆಲ್‌ಸ್ಟೈನ್ ಇದರಲ್ಲಿ ಮುಂದಿದ್ದರು. ಕ್ರಿ.ಪೂ. 1200ರ ನಂತರ ಹೆಚ್ಚುಕಡಿಮೆ ಖಾಲಿ ಇದ್ದ ಗುಡ್ಡಗಳಲ್ಲಿ ಸುಮಾರು 250 ಹಳ್ಳಿಗಳು ಎದ್ದವು. ಕೋಟೆ ಇಲ್ಲ, ಅರಮನೆ ಇಲ್ಲ. ಬಂಡೆ ಕಡಿದು ಮಾಡಿದ ಕಣಜದ ಗುಂಡಿಗಳು, ನೀರಿನ ತೊಟ್ಟಿಗಳು, ದೊಡ್ಡ ಹರವಿಗಳು. ಹಂದಿಯ ಮೂಳೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮಡಕೆ ಮಾತ್ರ ಕಾನಾನ್ಯರ ಮಡಕೆಯ ಮುಂದುವರಿಕೆ. ಲಿಪಿಯೂ ಅವರದೇ. ಹೀಬ್ರೂ ಕಾನಾನ್ ಭಾಷೆಗಳಲ್ಲಿ ಒಂದು. ಹೊರಗಿನಿಂದ ಒಂದು ಜನಾಂಗ ಬಂದು ಇಳಿದ ಗುರುತು ಸಿಗಲಿಲ್ಲ. ಕರಾವಳಿಯ ಪಟ್ಟಣಗಳು ಕುಸಿದಾಗ ಗುಡ್ಡ ಹತ್ತಿದ ರೈತರು, ಅಲ್ಲೇ ಅಲೆಯುತ್ತಿದ್ದ ಕುರಿಗಾಹಿಗಳು, ಬಹುಶಃ ಈಜಿಪ್ಟಿನಿಂದ ತಪ್ಪಿಸಿಕೊಂಡು ಬಂದ ಒಂದು ಸಣ್ಣ ಗುಂಪು. ಯಾವುದು ಎಷ್ಟು ಪಾಲು ಎಂಬ ವಾದ ಇನ್ನೂ ನಿಂತಿಲ್ಲ. ಬಹುಪಾಲು ಜನ ಅದೇ ಮಣ್ಣಿನವರು ಎಂಬುದರಲ್ಲಿ ಜಗಳ ಕಡಿಮೆ.

ಬೇರೆ ಬೇರೆ ಮನೆಯವರು ಒಂದೇ ಅಜ್ಜನ ಮೊಮ್ಮಕ್ಕಳಾದದ್ದು ಹೇಗೆ? ಕಥೆಗಳ ಭೂಗೋಳ ನೋಡಿದರೆ ಅಂದಾಜು ಸಿಗುತ್ತದೆ. ಯಾಕೋಬ ಓಡಾಡುವುದು ಬೇತೇಲ್, ಶೆಕೆಮ್, ಅಂದರೆ ಉತ್ತರದ ಇಸ್ರಾಯೇಲ್ ರಾಜ್ಯ. ಅಬ್ರಹಾಮನ ನೆಲೆ ಹೆಬ್ರೋನ್, ದಕ್ಷಿಣದ ಯೂದಾಯ. ಇಸಾಕನದು ಬೇರ್ಷೆಬದ ಕಡೆ. ಕ್ರಿ.ಪೂ. 722ರ ಹೊತ್ತಿಗೆ ಅಸ್ಸೀರಿಯಾ ಉತ್ತರದ ರಾಜ್ಯವನ್ನು ನುಂಗಿತು. ಅಲ್ಲಿಂದ ಓಡಿಬಂದವರು ಯಾಕೋಬನ ಕಥೆಯನ್ನೂ ಹೊತ್ತು ತಂದರು. ದಕ್ಷಿಣದವರ ಅಬ್ರಹಾಮ ತಾತನಾದ, ಉತ್ತರದವರ ಯಾಕೋಬ ಮೊಮ್ಮಗನಾದ. ಎಲ್ಲರೂ ಒಪ್ಪುವ ವಿವರಣೆ ಇದಲ್ಲ, ಆದರೆ ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ಚೆನ್ನಾಗಿ ಕೂಡಿಬರುವುದು ಇನ್ನೊಂದಿಲ್ಲ. ಆಶ್ರಯ ಬೇಡಿ ಬಂದವರನ್ನು ನೆಂಟರು ಎಂದು ಬರೆದುಕೊಂಡರಲ್ಲ, ಅದು ಸಣ್ಣ ವಿಷಯ ಅಲ್ಲ.

ಬೈಬಲ್ ಒಂದೇ ವಂಶಾವಳಿ ಹೇಳುವುದೂ ಇಲ್ಲ. ಧರ್ಮೋಪದೇಶಕಾಂಡದಲ್ಲಿ ಸುಗ್ಗಿಯ ಕಾಣಿಕೆ ಒಪ್ಪಿಸುವ ರೈತ, ನನ್ನ ತಂದೆ ಅಲೆಮಾರಿ ಅರಾಮ್ಯನಾಗಿದ್ದ ಎನ್ನಬೇಕು. ಪ್ರವಾದಿ ಯೆಹೆಜ್ಕೇಲನಂತೂ ಜೆರುಸಲೇಮನ್ನು ಬಯ್ಯುತ್ತ, ನೀನು ಹುಟ್ಟಿದ್ದು ಕಾನಾನಿನಲ್ಲಿ, ನಿನ್ನಪ್ಪ ಅಮೋರಿಯ, ನಿನ್ನಮ್ಮ ಹಿತ್ತಿಯಳು ಎಂದುಬಿಟ್ಟ. ಬೈಗುಳವೇ ಇರಬಹುದು. ಆದರೆ 2500 ವರ್ಷ ಕಳೆದ ಮೇಲೆ ಗುದ್ದಲಿ ಹೇಳಿದ್ದಕ್ಕೆ ಅದು ಬಹಳ ಹತ್ತಿರ ಬರುತ್ತದೆ.

ಈಗ ಡಿಎನ್‌ಎ ಸರದಿ. 2020ರಲ್ಲಿ ಬಂದ ಒಂದು ಅಧ್ಯಯನ ಇಸ್ರೇಲಿನ ಮೆಗಿದ್ದೋ ಮುಂತಾದ ಕಡೆ ಸಿಕ್ಕ ಕಂಚಿನ ಯುಗದ ಮೂಳೆಗಳನ್ನು ಪರೀಕ್ಷಿಸಿತು. ಇಂದಿನ ಬಹುತೇಕ ಯಹೂದಿ ಗುಂಪುಗಳಲ್ಲೂ ಆ ಭಾಗದ ಅರಬ್ಬಿ ಮಾತಾಡುವ ಗುಂಪುಗಳಲ್ಲೂ ಪೂರ್ವಜರ ಪಾಲಿನ ಅರ್ಧ ಅಥವಾ ಅದಕ್ಕೂ ಜಾಸ್ತಿ ಆ ಜನರಿಗೆ ಹತ್ತಿರದ್ದು. ಮಕ್ಪೇಲದ ಕಟ್ಟಡದ ಎರಡೂ ಪಾಲಿನವರಿಗೆ ಈ ಲೆಕ್ಕ ಒಂದೇ. ಎರಡೂ ಕಡೆಯವರು ಅದನ್ನು ತಮ್ಮ ತಮ್ಮ ವಾದಕ್ಕೆ ಬಳಸಿಕೊಂಡರು.

ಅಬ್ರಹಾಮನ ವಂಶ ಯಾರದ್ದು ಎಂದು ತೀರ್ಮಾನಿಸುವ ಕೆಲಸ ಭಾರತದವರನ್ನೂ ಬಿಟ್ಟಿಲ್ಲ. ಕೊಂಕಣದ ಬೆನೆ ಇಸ್ರೇಲ್ ಜನರ ಯಹೂದಿತನದ ಬಗ್ಗೆ ಇಸ್ರೇಲಿನಲ್ಲಿ ಪ್ರಶ್ನೆ ಎದ್ದು, ಪ್ರತಿಭಟನೆ ನಡೆದು, 1964ರಲ್ಲಿ ಅವರು ಪೂರ್ಣ ಯಹೂದಿಗಳೇ ಎಂದು ಒಪ್ಪಲಾಯಿತು. ಮಣಿಪುರ, ಮಿಜೋರಾಂನ ಬ್ನೇ ಮೆನಾಶೆ ಜನ ತಾವು ಯಾಕೋಬನ ಮೊಮ್ಮಗ ಮನಸ್ಸೆಯ ಸಂತಾನ ಎನ್ನುತ್ತಾರೆ. 2005ರಲ್ಲಿ ಇಸ್ರೇಲಿನ ಒಬ್ಬ ಮುಖ್ಯ ರಬ್ಬಿ (ಯಹೂದಿ ಧರ್ಮಗುರು) ಅದನ್ನು ಒಪ್ಪಿದರು. ಸಾವಿರಾರು ಜನ ಅಲ್ಲಿಗೆ ಹೋಗಿ ನೆಲೆಸಿದ್ದಾರೆ. ಆದರೂ ಅವರು ವಿಧಿಪ್ರಕಾರ ಯಹೂದಿ ಧರ್ಮಕ್ಕೆ ಮತಾಂತರ ಆಗಲೇಬೇಕು.