ಸಿನಿಮಾ ಪೆಟ್ಟಿಗೆಗೆ ಎಷ್ಟು ಬಲ ಬೇಕು?

ಮುಂಗಾರು ಹಿಡಿಯಿತೆಂದರೆ ಕೊಡಗಿನ ಭಾಗಮಂಡಲ, ನಾಪೋಕ್ಲು ಕಡೆಯ ತೋಟದ ಮನೆಗಳಲ್ಲಿ ಇಂಟರ್‌ನೆಟ್ ನಂಬಿ ಸಿನಿಮಾ ನೋಡಲು ಕೂರುವಂತಿಲ್ಲ. ಮರ ಬಿದ್ದು ತಂತಿ ಹರಿಯುತ್ತದೆ, ಅದರ ಹಿಂದೆಯೇ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಮೊದಲೇ ಹಾರ್ಡ್‌ಡಿಸ್ಕಿಗೆ ತುಂಬಿಸಿಟ್ಟ ಚಿತ್ರಗಳೇ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಆಧಾರ. ಅವನ್ನು ಟಿವಿಗೆ ತರುವ ಅಗ್ಗದ ಪೆಟ್ಟಿಗೆ ಯಾವುದೆಂದು ಕೇಳಿದರೆ ಅಂಗಡಿಯಲ್ಲಿ ಪ್ರೊಸೆಸರ್ ವೇಗ, ರ್‍ಯಾಮ್ ಎಂದು ಶುರುವಾಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಸಿನಿಮಾ ಕಡತವನ್ನು ಬಿಚ್ಚಲೆಂದೇ ಮಾಡಿದ ಭಾಗ ಅದರೊಳಗೆ ಇದೆಯೇ?

ಒಂದು ಲೆಕ್ಕ ಹಾಕೋಣ. ಫುಲ್ ಎಚ್‌ಡಿ ಚಿತ್ರದ ಒಂದು ಚೌಕಟ್ಟಿನಲ್ಲಿ 1920 × 1080 ಚುಕ್ಕೆಗಳು. ಚುಕ್ಕೆಗೆ 3 ಬೈಟ್ ಎಂದರೆ ಸುಮಾರು 6.2 ಎಂಬಿ. ಸೆಕೆಂಡಿಗೆ 25 ಚೌಕಟ್ಟಿನಂತೆ ಎರಡು ಗಂಟೆಯ ಸಿನಿಮಾ 1 ಟಿಬಿ, ಅಂದರೆ ಸಾವಿರ ಜಿಬಿ, ದಾಟಬೇಕು. ಕೈಗೆ ಸಿಗುವ ಕಡತವೋ ಮೂರು ನಾಲ್ಕು ಜಿಬಿ. ನಾಯಕ ಜಗಲಿಯಲ್ಲಿ ಕೂತು ಮಾತಾಡುತ್ತಿದ್ದರೆ ಹಿಂದಿನ ಗೋಡೆಯನ್ನು ಪ್ರತಿ ಚೌಕಟ್ಟಿನಲ್ಲೂ ಬರೆದಿಡುವುದಿಲ್ಲ. ಅದು ಹಾಗೇ ಇದೆ, ತುಟಿಯ ಸುತ್ತಲಿನ ತುಣುಕುಗಳಷ್ಟೇ ಬದಲಾದವು, ಈ ತುಣುಕು ಇಷ್ಟು ಎಡಕ್ಕೆ ಸರಿಯಿತು ಎಂಬ ಸೂಚನೆ ಇರುತ್ತದೆ. ಆ ಸೂಚನೆಗಳಿಂದ ಪೂರ್ತಿ ಚಿತ್ರವನ್ನು ಕ್ಷಣಕ್ಷಣಕ್ಕೂ ಮರಳಿ ಕಟ್ಟುವುದೇ ಪೆಟ್ಟಿಗೆಯ ದುಡಿಮೆ.

ಹೀಗೆ ಅಡಕ ಮಾಡುವ ಪದ್ಧತಿಗಳು ಹಲವು: 2003ರ ಎಚ್.264, 2013ರ ಎಚ್.265, 2018ರ ಎವಿ1. ಹೊಸದಾದಷ್ಟೂ ಕಡತ ಚಿಕ್ಕದು, ಬಿಚ್ಚುವ ಕೆಲಸ ಹೆಚ್ಚು. ಇದಕ್ಕೆಂದೇ ಚಿಪ್‌ನೊಳಗೆ ಪ್ರತ್ಯೇಕ ಮಂಡಲ (ಸರ್ಕ್ಯೂಟ್) ಕೆತ್ತಿದ್ದರೆ ಕೆಲವೇ ವಾಟ್‌ಗಳಲ್ಲಿ ಕೆಲಸ ಮುಗಿಯುತ್ತದೆ. ಇಲ್ಲದಿದ್ದರೆ ಪ್ರೊಸೆಸರ್ರೇ ಏದುಸಿರು ಬಿಡಬೇಕು. ಫ್ಯಾನ್ ಕೂಗುತ್ತದೆ, ಚಿತ್ರ ತಡವರಿಸುತ್ತದೆ. ದುಬಾರಿಯ ಹಳೆಯ ಲ್ಯಾಪ್‌ಟಾಪ್ ಸೋಲುವ ಕಡೆ ಬೆರಳುದ್ದದ ಟಿವಿ ಸ್ಟಿಕ್ ಗೆಲ್ಲುವುದು ಇದರಿಂದಲೇ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರನ್ನೇ ನೋಡಿ: 4ನೆಯ ಮಾದರಿಯಲ್ಲಿ ಎಚ್.264 ಮತ್ತು ಎಚ್.265 ಎರಡಕ್ಕೂ ಮಂಡಲವಿದೆ. 2023ರ 5ನೆಯ ಮಾದರಿ ಬಹಳ ಚುರುಕು, ಆದರೆ ಎಚ್.264 ಮಂಡಲವನ್ನೇ ಕೈಬಿಟ್ಟು ಆ ಹೊರೆಯನ್ನು ಪ್ರೊಸೆಸರ್‌ಗೆ ವರ್ಗಾಯಿಸಿದೆ. ಅದು ನಿಭಾಯಿಸುತ್ತದೆ, ನಿಜ. ಸಿನಿಮಾ ನೋಡುವುದಕ್ಕಷ್ಟೇ ಆದರೆ ನನ್ನ ಓಟು 4ಕ್ಕೆ. ಸೆಕೆಂಡ್‌ಹ್ಯಾಂಡ್ ಮಿನಿ ಪಿಸಿ ಕೊಳ್ಳುವವರು ಇಂಟೆಲ್‌ನ 7ನೇ ತಲೆಮಾರಿಗಿಂತ ಹಿಂದಕ್ಕೆ ಹೋಗಬಾರದು. ಬಣ್ಣದ ಛಾಯೆಗಳನ್ನು ಇನ್ನಷ್ಟು ಸೂಕ್ಷ್ಮವಾಗಿ ಹಿಡಿದಿಡುವ 10 ಬಿಟ್ ಎಚ್.265 ಕಡತಗಳನ್ನು ಪೂರ್ತಿಯಾಗಿ ಬಿಚ್ಚುವ ಮಂಡಲ ಬಂದದ್ದು ಅಲ್ಲಿಂದ.

ಕೊಡಗಿನಲ್ಲಿ ಕರೆಂಟಿನ ವಿಚಾರವೂ ಸೇರಿಕೊಳ್ಳುತ್ತದೆ. ಪೈನಂಥ ಪೆಟ್ಟಿಗೆ ಹತ್ತು ವಾಟ್‌ಗೂ ಕಡಿಮೆಯಲ್ಲಿ ಸಿನಿಮಾ ತೋರಿಸುತ್ತದೆ, ಇನ್ವರ್ಟರ್‌ಗೆ ಅದು ಲೆಕ್ಕಕ್ಕೇ ಇಲ್ಲ. ಪೈ ತನ್ನ ತಂತ್ರಾಂಶವನ್ನು ಇಟ್ಟುಕೊಳ್ಳುವ ಮೆಮೊರಿ ಕಾರ್ಡಿಗೆ ಏನೋ ಬರೆಯುತ್ತಿರುವಾಗ ಕರೆಂಟ್ ಹೋದರೆ ಮಾತ್ರ ಕಾರ್ಡಿನ ಕಡತಗಳು ಕೆಡಬಹುದು. ಸಿದ್ಧವಾದ ಕಾರ್ಡಿನ ಒಂದು ನಕಲನ್ನು ತೆಗೆದಿಡಿ. ತಿರುಗುವ ಹಾರ್ಡ್‌ಡಿಸ್ಕ್ ಶುರುವಾಗುವಾಗ ಹೆಚ್ಚು ಕರೆಂಟ್ ಎಳೆಯುತ್ತದೆ, ಅದಕ್ಕೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಒಳ್ಳೆಯದು. ಏಪ್ರಿಲ್, ಮೇ ತಿಂಗಳ ಸಿಡಿಲಿಗಂತೂ ಪ್ಲಗ್ ಕೀಳುವುದಕ್ಕಿಂತ ಅಗ್ಗದ ರಕ್ಷಣೆ ಇಲ್ಲ.

ಇಷ್ಟಕ್ಕೆಲ್ಲ ಮೊದಲು ಪೆನ್‌ಡ್ರೈವನ್ನು ಟಿವಿಗೇ ಚುಚ್ಚಿ ನೋಡಿ. ಈಚಿನ ಟಿವಿಗಳಲ್ಲಿ ಇದೇ ಮಂಡಲಗಳಿವೆ. ಚಿತ್ರ ಬಂದು ಧ್ವನಿ ಬಾರದಿದ್ದರೆ ಕಡತದ ಧ್ವನಿ ಬಹುಶಃ ಡಿಟಿಎಸ್ ಪದ್ಧತಿಯದು, ಅನೇಕ ಟಿವಿಗಳು ಅದನ್ನು ಓದುವುದಿಲ್ಲ. ಕೋಡಿ ಎಂಬ ಸಿನಿಮಾ ತೋರಿಸುವ ತಂತ್ರಾಂಶ ಹಾಕಿದ ಪೈ ಓದುತ್ತದೆ, ಟಿವಿಯ ರಿಮೋಟಿನ ಮಾತನ್ನೂ ಎಚ್‌ಡಿಎಂಐ ತಂತಿಯ ಮೂಲಕವೇ ಕೇಳುತ್ತದೆ.